ಸಾಹೇಬರ ಕಡೆಯ ಗಾಲಿ

ಹೊಸದಾಗಿ ಸರ್ಕಾರಿ ಗಾಡಿಗೆ ಸೇರಿದ ಡ್ರೈವರ್ ಹುಡುಗರು ಆಗಾಗ ನನ್ನ ಹತ್ತಿರ ಬಂದು ಕೂರುತ್ತಾರೆ. ಅವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ನಿನ್ನ ಗಾಡಿಯ ಗಾಲಿ ನಟ್ಟು ಯಾವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ?’ ಹುಡುಗರು ಮುಖಮುಖ ನೋಡಿಕೊಂಡು ಕಿಸಕ್ಕನೆ ನಗುತ್ತಾರೆ. ‘ಇದೇನ್ ಕೇಳ್ತೀಯ ರುದ್ರಣ್ಣ, ಎಲ್ಲಾ ನಟ್ಟೂ ಒಂದೇ ಕಡೆ ಅಲ್ವಾ ಬಿಚ್ಚೋದು’ ಅನ್ನುತ್ತಾರೆ. ಅದು ಅವರ ಪುಣ್ಯ. ನನ್ನ ನೌಕರಿಯ ಮೊದಲರ್ಧವೆಲ್ಲ ಈ ಪ್ರಶ್ನೆಯಲ್ಲೇ ಕಳೆದುಹೋಯಿತು. ರಿಟೈರಾಗಿ ಇಷ್ಟು ವರ್ಷವಾದರೂ ಒಮ್ಮೊಮ್ಮೆ ಮನೆಯ ನಲ್ಲಿಯ ಮುಂದೆ ನಿಂತು, ಇದನ್ನು ಯಾವ ಕಡೆಗೆ ತಿರುಗಿಸಬೇಕು ಅಂತ ಯೋಚನೆ ಮಾಡುತ್ತೇನೆ. ನನ್ನ ಹೆಂಡತಿ ಬಂದು ತಿರುಗಿಸಿ ಹೋಗುತ್ತಾಳೆ.

ನಾನು ತರೀಕೆರೆಯಲ್ಲಿ ದನದ ಡಾಕ್ಟರ ಜೀಪು ಓಡಿಸುತ್ತಿದ್ದವನು. ಆಗ ಅಜ್ಜಂಪುರವೂ ತರೀಕೆರೆ ತಾಲ್ಲೂಕಿಗೇ ಸೇರಿತ್ತು, ಕಡೂರಿನ ಕಡೆ ಕೆಲಸವಿದ್ದರೂ ನಮ್ಮ ಗಾಡಿಯೇ ಹೋಗಬೇಕಿತ್ತು. ಎಪ್ಪತ್ತರ ದಶಕದ ಶುರುವಿನಲ್ಲಿ ನನಗೆ ಈ ಕೆಲಸ ಸಿಕ್ಕಿತು ಅಂದಾಗ, ಸಖರಾಯಪಟ್ಟಣದ ಹತ್ತಿರದ ನಮ್ಮೂರಿನವರು ಖುಷಿಪಡುವ ಬದಲು ಹುಬ್ಬೇರಿಸಿದರು. ಅದಕ್ಕೆ ಕಾರಣವಿತ್ತು. ನನಗೆ ಎಡ ಯಾವುದು, ಬಲ ಯಾವುದು ಅಂತ ತಟ್ಟನೆ ಗೊತ್ತಾಗುತ್ತಿರಲಿಲ್ಲ. ಎಡ ಬಲ ತಿಳಿಯದವನ ಕೈಗೆ ಸರ್ಕಾರ ಜೀಪು ಕೊಟ್ಟಿತು ಅಂದರೆ ಯಾರಿಗೆ ತಾನೇ ಗಾಬರಿಯಾಗುವುದಿಲ್ಲ?

ನಾನು ಹುಟ್ಟಿನಿಂದಲೇ ಎಡಚ. ಮೊದಲ ತುತ್ತಿಗೇ ಎಡಗೈ ಮುಂದೆ ಚಾಚಿದೆನಂತೆ. ಅವ್ವ ಎದೆ ಒಡೆದುಕೊಂಡಳು. ‘ಅದು ಉಣ್ಣೋ ಕೈ ಅಲ್ಲ ಕಣೋ, ಬಿಡು!’ ಅಂತ ಕೈಮೇಲೆ ಹೊಡೆದಳು. ಹೊಡೆದರೂ ಬಿಡಲಿಲ್ಲವಾದ್ದರಿಂದ, ಊಟಕ್ಕೆ ಕೂರಿಸುವಾಗ ಹಳೇ ಸೀರೆಯ ಅಂಚಿನಿಂದ ನನ್ನ ಎಡಗೈಯನ್ನು ಸೊಂಟದ ಉಡಿದಾರಕ್ಕೆ ಕಟ್ಟಿಬಿಡುತ್ತಿದ್ದಳು. ಅವಳ ಮನಸ್ಸಿನಲ್ಲಿ ಇದ್ದದ್ದು ಒಂದೇ, ನಾಳೆ ನಾಲ್ಕು ಜನರ ಪಂಕ್ತಿಯಲ್ಲಿ ನನ್ನ ಮಗ ನಗೆಪಾಟಲಾಗಬಾರದು ಅಂತ. ಸ್ಕೂಲಿನಲ್ಲಿ ಮೇಷ್ಟ್ರು ಬೆತ್ತದಿಂದ ಅದೇ ಕೆಲಸ ಮುಂದುವರಿಸಿದರು. ಒಟ್ಟಿನಲ್ಲಿ ನಾನು ಬಲಗೈಯಲ್ಲಿ ಉಣ್ಣುವುದನ್ನೂ ಬರೆಯುವುದನ್ನೂ ಕಲಿತೆ.

ಆದರೆ ತಲೆಯೊಳಗೆ ಏನೋ ಅದಲುಬದಲಾಗಿ ಕೂತುಬಿಟ್ಟಿತು. ಎಲ್ಲ ಮಕ್ಕಳಿಗೂ ಬಲ ಯಾವುದು ಅಂತ ಹೇಳಿಕೊಡುವುದು ಸುಲಭ, ಉಣ್ಣುವ ಕೈ ಬಲಗೈ. ನನಗೆ ಹಾಗೆ ಹೇಳಿದರೆ, ನಾನು ಉಣ್ಣುವ ಕೈಯೋ ಉಣ್ಣಬೇಕು ಅನ್ನಿಸುವ ಕೈಯೋ ಅಂತ ಯೋಚಿಸುತ್ತಾ ನಿಂತುಬಿಡುತ್ತಿದ್ದೆ. ಅಷ್ಟರಲ್ಲಿ ಜೀಪು ತಿರುವು ದಾಟಿ ಮುಂದೆ ಹೋಗಿರುತ್ತಿತ್ತು.

ನನ್ನನ್ನು ಕಾಪಾಡಿದವರು ಹಿರಿಯ ಡ್ರೈವರ್ ಗಂಗಣ್ಣ. ಅವರು ರಿಟೈರಾಗಲು ಸ್ವಲ್ಪ ದಿನ ಉಳಿದಿತ್ತು, ನನಗೆ ಗಾಡಿ ಒಪ್ಪಿಸಿ ಹೋಗಬೇಕಿತ್ತು. ಅವರು ಒಂದು ವಾರ ನನ್ನ ಪಾಡು ನೋಡಿ ಹೇಳಿದರು: ‘ಲೇ ರುದ್ರಾ, ಈ ಎಡ ಬಲ ಅನ್ನೋದನ್ನ ಬಿಟ್ಬಿಡು. ನೀ ಕೂತಿರೋದು ಡ್ರೈವರ್ ಕಡೆ. ಸಾಹೇಬ್ರು ಕೂತಿರೋದು ಸಾಹೇಬ್ರ ಕಡೆ. ಇಷ್ಟಿದ್ರೆ ಸಾಕು, ಇನ್ನೇನ್ ಬೇಕು?’

ಆ ಮಾತಿನಿಂದ ನನ್ನ ಬದುಕು ಹಸನಾಯಿತು. ಅಂದಿನಿಂದ ನಾನು ಗಾಡಿಯನ್ನು ಡ್ರೈವರ್ ಕಡೆಗೆ ತಿರುಗಿಸುತ್ತಿದ್ದೆ, ಇಲ್ಲವೇ ಸಾಹೇಬರ ಕಡೆಗೆ ತಿರುಗಿಸುತ್ತಿದ್ದೆ. ನಮ್ಮ ಕಾಂಪೌಂಡರ್ ಮರುಳಪ್ಪನವರು ಜೀಪಿನ ಹಿಂದೆ ಔಷಧದ ಪೆಟ್ಟಿಗೆಯ ಪಕ್ಕ ಕೂತು, ‘ರುದ್ರಣ್ಣ, ಮುಂದಿನ ಅರಳಿಕಟ್ಟೆ ಹತ್ರ ಸಾಹೇಬ್ರ ಕಡೆ’ ಅಂತ ಕೂಗುತ್ತಿದ್ದರು. ಒಂದು ಸಲವೂ ದಾರಿ ತಪ್ಪಲಿಲ್ಲ.

ಗಾಲಿ ಬಿಚ್ಚುವುದನ್ನೂ ಗಂಗಣ್ಣನೇ ಕಲಿಸಿದರು. ಆ ಹಳೇ ಜೀಪಿನದು ಒಂದು ವಿಚಿತ್ರ. ಡ್ರೈವರ್ ಕಡೆಯ ಗಾಲಿಗಳ ನಟ್ಟು ಎಲ್ಲ ನಟ್ಟಿನಂತೆಯೇ ಬಿಗಿಯಾಗುತ್ತಿತ್ತು, ಸಡಿಲವಾಗುತ್ತಿತ್ತು. ಸಾಹೇಬರ ಕಡೆಯದು ಪೂರ್ತಿ ಉಲ್ಟಾ. ಗಾಡಿ ಮುಂದಕ್ಕೆ ಉರುಳುವಾಗ ಆ ಕಡೆಯ ನಟ್ಟು ತಾನಾಗಿಯೇ ಬಿಚ್ಚಿಕೊಳ್ಳಬಾರದು ಅಂತ ಕಂಪನಿಯವರು ಹಾಗೆ ಮಾಡಿದ್ದರಂತೆ. ಬೋಲ್ಟಿನ ತುದಿಯಲ್ಲಿ ಅದಕ್ಕೆಂದೇ ಒಂದು ಇಂಗ್ಲಿಷ್ ಅಕ್ಷರ ಕೊರೆದಿದ್ದರಂತೆ, ನಮ್ಮ ಜೀಪಿನಲ್ಲಿ ಅದು ಎಂದೋ ಸವೆದು ಹೋಗಿತ್ತು. ಗಂಗಣ್ಣ ಅದಕ್ಕೂ ದಾರಿ ಹೇಳಿದರು. ‘ನಟ್ಟಿನ ಮುಂದೆ ಕೂತ್ಕೊ. ದೇವರ ಮುಂದೆ ಮಂಗಳಾರತಿ ಎತ್ತೋದನ್ನ ನೆನಸ್ಕೊ. ನಿನ್ ಕಡೇದು ಆರತಿ ಎತ್ತಿದಂಗೆ ತಿರುಗ್ಸಿದ್ರೆ ಬಿಗಿ, ಉಲ್ಟಾ ತಿರುಗ್ಸಿದ್ರೆ ಸಡಿಲ. ಸಾಹೇಬ್ರ ಕಡೇದು ಇದಕ್ಕೆ ತಿರುಗಾ. ಸಾಹೇಬ್ರ ಕಡೆ ಎಲ್ಲಾನೂ ಉಲ್ಟಾ ಅಂತ ತಿಳ್ಕೊ, ಮರೆಯಲ್ಲ.’

ಉಳಿದದ್ದೆಲ್ಲ ಈಗಿನ ಹುಡುಗರಿಗೂ ಬೇಕಾದ್ದೇ. ಪಂಚರ್ ಆಯಿತು ಅಂತ ಸಿಕ್ಕಸಿಕ್ಕಲ್ಲಿ ನಿಲ್ಲಿಸಬಾರದು, ಸಮತಟ್ಟಾದ ಗಟ್ಟಿ ನೆಲ ಸಿಗುವವರೆಗೂ ನಿಧಾನಕ್ಕೆ ಉರುಳಿಸಿಕೊಂಡು ಹೋಗಬೇಕು. ಟೈರು ಹಾಳಾದರೆ ಹಾಳಾಗಲಿ. ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿ ಬಿಟ್ಟು, ಉಳಿದ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಗಾಲಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಒಂದು ಸುತ್ತು ಸಡಿಲ ಮಾಡಿಕೊಂಡು, ಆಮೇಲೆ ಜಾಕಿ ಕೊಡಬೇಕು. ಎತ್ತಿದ ಮೇಲೆ ನಟ್ಟಿನ ಜೊತೆ ಗುದ್ದಾಡಲು ಹೋದರೆ ಗಾಡಿ ಜಾಕಿಯಿಂದ ಜಾರುತ್ತದೆ. ಸ್ಟೆಪ್ನಿಯನ್ನು ತಂದು ಗಾಡಿಯ ಕೆಳಗೆ ಮಲಗಿಸಿಟ್ಟಿರಬೇಕು, ಅಕಸ್ಮಾತ್ ಜಾಕಿ ಕೈಕೊಟ್ಟರೆ ಗಾಡಿ ಅದರ ಮೇಲೆ ಕೂರುತ್ತದೆ, ನಿನ್ನ ಮೇಲಲ್ಲ. ಗಾಡಿಯೊಳಗೆ ಒಂದು ನರಪಿಳ್ಳೆಯೂ ಇರಬಾರದು.

ಈ ಕೊನೆಯ ಮಾತನ್ನು ನಮ್ಮ ಆಗಿನ ಡಾಕ್ಟರಿಗೆ ಹೇಳುವ ಧೈರ್ಯ ಯಾರಿಗಿತ್ತು? ಅವರು ಹಳೇ ಕಾಲದವರು, ಕೋಟು ಹಾಕುವವರು. ಗಾಡಿ ಪಂಚರ್ ಆದರೆ ಪೇಪರ್ ಬಿಡಿಸಿಕೊಂಡು ಸೀಟಿನಲ್ಲೇ ಕೂತಿರುತ್ತಿದ್ದರು. ಗಾಲಿ ಬದಲಾಯಿಸುವುದು ಡ್ರೈವರನ ಕೆಲಸ, ಅದಕ್ಕೆ ತಾವೇಕೆ ಇಳಿಯಬೇಕು ಅನ್ನುವುದು ಅವರ ವಾದ. ನಾನು ಜೀಪನ್ನೂ ಸಾಹೇಬರನ್ನೂ ಒಟ್ಟಿಗೇ ಎತ್ತುತ್ತಿದ್ದೆ. ಒಂದು ದಿನ ತರೀಕೆರೆಯಿಂದ ಆಚೆ ಇಳಿಜಾರಿನಲ್ಲಿ ನಾನಿಟ್ಟ ಕಲ್ಲು ಪುಡಿಗಲ್ಲಾಗಿತ್ತು. ಗಾಡಿ ಎತ್ತಿ ಇನ್ನೇನು ನಟ್ಟಿಗೆ ಕೈಹಾಕಬೇಕು, ಜೀಪು ಮೆಲ್ಲಗೆ ಜಾಕಿಯನ್ನು ಬೀಳಿಸಿ ಹಿಂದಕ್ಕೆ ಹೊರಟಿತು. ಸ್ವಲ್ಪ ದೂರ ಹೋಗಿ ಲಂಟಾನದ ಪೊದೆಗೆ ಹಿಂಬದಿ ಕೊಟ್ಟು ನಿಂತಿತು. ಒಳಗಿಂದ ಸದ್ದೇ ಇಲ್ಲ. ಓಡಿಹೋಗಿ ನೋಡಿದರೆ ಡಾಕ್ಟರು ಪೇಪರನ್ನು ಎದೆಗೆ ಅಪ್ಪಿಕೊಂಡು ಕೂತಿದ್ದರು. ಅಂದಿನಿಂದ ಎಲ್ಲಾದರೂ ಗಾಡಿ ಸ್ವಲ್ಪ ವಾಲಿದರೂ ಸಾಕು, ನಾನು ನಿಲ್ಲಿಸುವ ಮೊದಲೇ ಅವರು ಇಳಿದು ದೂರ ನಿಂತಿರುತ್ತಿದ್ದರು.

ಅವರು ವರ್ಗವಾಗಿ ಹೋದ ಮೇಲೆ ಪ್ರಭಾಕರ ಡಾಕ್ಟರು ಬಂದರು. ವಯಸ್ಸು ಚಿಕ್ಕದು, ಕೆಲಸದಲ್ಲಿ ಚುರುಕು, ದನದ ಗಂಜಲ ಸಗಣಿಗೆ ಹೇಸಿಕೊಳ್ಳದ ಮನುಷ್ಯ. ಅವರಿಗೆ ಒಂದೇ ಒಂದು ಚಟ, ಜೀಪು ಓಡಿಸುವುದು. ದಾರಿ ಚೆನ್ನಾಗಿ ಸಿಕ್ಕರೆ ಸಾಕು, ‘ರುದ್ರಪ್ಪ, ಆ ಕಡೆ ಸರೀರಿ’ ಅಂತ ಸ್ಟಿಯರಿಂಗ್ ಹಿಡಿಯುತ್ತಿದ್ದರು. ನಾನು ಅವರ ಸೀಟಿನಲ್ಲಿ ಬೆವರುತ್ತಾ ಕೂರುತ್ತಿದ್ದೆ.

ಒಂದು ದಿನ ಕಡೂರಿನಿಂದ ಸಖರಾಯಪಟ್ಟಣದ ಕಡೆ ಹೋಗುವಾಗ ಅವರೇ ಓಡಿಸುತ್ತಿದ್ದರು. ನಾನು ಕೂತಿದ್ದ ಕಡೆಯ ಹಿಂದಿನ ಗಾಲಿ ಪಂಚರ್ ಆಯಿತು. ಕಲ್ಲು ಕೊಟ್ಟೆ, ನಟ್ಟು ತಿರುಗಿಸುವ ಪಾನ ಹಾಕಿದೆ. ಈಗ ಯೋಚನೆ. ಇದು ಯಾರ ಕಡೆ? ನಾನು ಕೂತಿದ್ದ ಕಡೆ. ನನ್ನ ಕಡೆ ಅಂದಮೇಲೆ ಆರತಿ ಲೆಕ್ಕ ಸರಿ. ಬಿಚ್ಚಬೇಕಾದರೆ ಆರತಿಗೆ ಉಲ್ಟಾ ತಿರುಗಿಸಬೇಕು. ತಿರುಗಿಸಿದೆ, ಅಲ್ಲಾಡಲಿಲ್ಲ. ತುಕ್ಕು ಹಿಡಿದಿದೆ ಅಂತ ಪಾನದ ಮೇಲೆ ಹತ್ತಿ ನಿಂತು ತುಳಿದೆ. ಫಟ್ ಅಂತ ಬೋಲ್ಟೇ ಮುರಿದು ನಟ್ಟಿನ ಸಮೇತ ಕೈಗೆ ಬಂತು. ತುಕ್ಕು ಬಹಳ ಇದೆ ಸಾರ್ ಅಂತ ಹೇಳಿ ಎರಡನೆಯದನ್ನೂ ತುಳಿದೆ. ಅದೂ ಫಟ್.

ಮರುಳಪ್ಪನವರು ಹಿಂದಿನಿಂದ, ‘ರುದ್ರಣ್ಣ, ಇದು ಸಾಹೇಬ್ರ ಕಡೆ ಅಲ್ವೇನೋ?’ ಅಂದರು.

‘ಸಾಹೇಬ್ರು ಆ ಕಡೆ ಕೂತಿದ್ರಲ್ಲ ಕಣ್ರೀ!’ ಅಂದೆ.

‘ಅವರು ನಿನ್ ಸೀಟಲ್ಲಿ ಕೂತಿದ್ರು ಕಣೋ.’

‘ಹಂಗಾದ್ರೆ ನಾನ್ ಯಾರ ಕಡೆ ಕೂತಿದ್ದೆ?’

ಡಾಕ್ಟರು ನಮ್ಮಿಬ್ಬರ ಮುಖವನ್ನು ತಿರುಗಿ ತಿರುಗಿ ನೋಡಿದರು. ಇವರು ಏನು ಮಾತಾಡುತ್ತಿದ್ದಾರೆ ಅಂತ ಅವರಿಗೆ ತಿಳಿಯಲಿಲ್ಲ. ಮರುಳಪ್ಪನವರು ನನ್ನ ಎಡಚತನದಿಂದ ಹಿಡಿದು ಗಂಗಣ್ಣನ ಪಾಠದವರೆಗೆ ಎಲ್ಲವನ್ನೂ ವಿವರಿಸಿದರು. ಕೇಳಿದ ಮೇಲೆ ಡಾಕ್ಟರ ಮುಖ ಗಂಭೀರವಾಯಿತು. ‘ರುದ್ರಪ್ಪ, ನಿಮ್ಮನ್ನ ಕಂಡ್ರೆ ನನಗೆ ಬೇಸರ ಇಲ್ಲ. ಆದರೆ ನಾಳೆ ಲಸಿಕೆ ತಗೊಂಡು ಹೋಗೋವಾಗ ಹೀಗಾದ್ರೆ ಊರಿನ ದನ ಸಾಯ್ತವೆ. ಇನ್ನೊಂದು ಬೋಲ್ಟ್ ಮುರಿದ್ರೆ ಬೇರೆ ಡ್ರೈವರ್ ಕೇಳಿ ಬರೀತೀನಿ, ನೀವು ದನ ಕಟ್ಟೋ ಕೆಲಸಕ್ಕೆ ಹೋಗಿ’ ಅಂದರು. ಕೂಗಾಡಿದ್ದರೆ ವಾಸಿಯಿತ್ತು. ತಣ್ಣಗೆ ಹೇಳಿದ್ದರಿಂದ ನನಗೆ ನಿಜವಾಗಿ ಭಯವಾಯಿತು. ಆ ಸೀಟು ಹೋದರೆ ಊರಿನವರು ಅಂದದ್ದೇ ನಿಜವಾಗುತ್ತಿತ್ತು.

ಕಡೂರಿನ ಮೆಕ್ಯಾನಿಕ್ ಹತ್ತಿರ ಉಲ್ಟಾ ಬೋಲ್ಟು ಸಿಗಲಿಲ್ಲ. ಎಲ್ಲೆಲ್ಲೋ ಹುಡುಕಿ, ಕೊನೆಗೆ ‘ಯಾವ್ದಾದ್ರೇನ್ ರುದ್ರಣ್ಣ, ಗಾಲಿ ನಿಂತ್ರೆ ಆಯ್ತಲ್ಲ’ ಅಂತ ಎರಡು ಮಾಮೂಲಿ ಬೋಲ್ಟು ಹಾಕಿ ಕೊಟ್ಟ. ಈಗ ನೋಡಿ ನನ್ನ ಅವಸ್ಥೆ. ಸಾಹೇಬರ ಕಡೆಯ ಹಿಂದಿನ ಗಾಲಿಯ ಐದು ನಟ್ಟಿನಲ್ಲಿ ಮೂರು ಉಲ್ಟಾ, ಎರಡು ನೆಟ್ಟಗೆ. ಯಾವುದು ಯಾವುದು ಅಂತ ಹೊರಗಿನಿಂದ ನೋಡಿದರೆ ತಿಳಿಯುವಂತಿರಲಿಲ್ಲ. ಗಂಗಣ್ಣನ ಪಾಠ ಅಲ್ಲಿಗೆ ಮುಗಿದುಹೋಯಿತು, ಅರ್ಧ ಗಾಲಿ ಸಾಹೇಬರದು ಅರ್ಧ ಡ್ರೈವರನದು ಅಂತ ಅವರು ಹೇಳಿಕೊಟ್ಟಿರಲಿಲ್ಲ. ನಾನು ಎಲೆಯಡಿಕೆಯ ಸುಣ್ಣದಲ್ಲಿ ಆ ಎರಡು ಮಾಮೂಲಿ ನಟ್ಟಿಗೆ ಬಿಳಿ ಬೊಟ್ಟು ಇಟ್ಟುಕೊಂಡೆ. ದಿನಾ ಬೆಳಿಗ್ಗೆ ಗಾಡಿ ಒರೆಸುವಾಗ ಬೊಟ್ಟು ಇದೆಯೇ ಅಂತ ನೋಡಿ, ಅಳಿಸಿದ್ದರೆ ಮತ್ತೆ ಇಡುತ್ತಿದ್ದೆ. ಬಿಳಿ ಇದ್ದದ್ದು ಮಾಮೂಲಿ, ಬಿಳಿ ಇಲ್ಲದ್ದು ಉಲ್ಟಾ. ಕೆಲವು ತಿಂಗಳು ನೆಮ್ಮದಿಯಾಗಿತ್ತು.

ಆಮೇಲೆ ಆಯುಧಪೂಜೆ ಬಂತು. ಹಬ್ಬಕ್ಕೆ ನಾನು ರಜೆ ಹಾಕಿ ಊರಿಗೆ ಹೋಗಿದ್ದೆ. ಮರುಳಪ್ಪನವರು ಬಹಳ ಆಚಾರವಂತರು, ಮೂರು ಹೊತ್ತು ಲಿಂಗಪೂಜೆ ಮಾಡುವವರು. ನಾನಿಲ್ಲ ಅಂತ ಜೀಪಿನ ಪೂಜೆಯನ್ನು ತಾವೇ ವಹಿಸಿಕೊಂಡು, ಗಾಡಿಯನ್ನು ಗಾಲಿಯ ಸಂದುಗೊಂದು ಬಿಡದೆ ಉಜ್ಜಿ ತೊಳೆದಿದ್ದರು. ತೊಳೆದು ಬಾನೆಟ್ಟಿಗೆ, ದೀಪಕ್ಕೆ, ಕನ್ನಡಿಗೆ, ಗಾಲಿಗೆ, ಗಾಲಿಯ ಒಂದೊಂದು ನಟ್ಟಿಗೂ ವಿಭೂತಿ ಬಳಿದಿದ್ದರು. ನಾನು ಬಂದು ನೋಡುತ್ತೇನೆ, ಇಪ್ಪತ್ತು ನಟ್ಟೂ ಬೆಳ್ಳಗೆ ಹೊಳೆಯುತ್ತಿವೆ.

‘ಏನ್ ಮಾಡ್ಬಿಟ್ರಿ ಸ್ವಾಮೀ!’ ಅಂತ ತಲೆಮೇಲೆ ಕೈಹೊತ್ತು ಕೂತೆ.

‘ಏನಾಯ್ತೋ? ಒಂದು ನಟ್ಟನ್ನೂ ಬಿಟ್ಟಿಲ್ಲ ನೋಡು’ ಅಂದರು ಅವರು, ಬಹಳ ಸಂತೋಷದಿಂದ.

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಒಂದು ದಿನ ಬಿಡುವು ಮಾಡಿಕೊಂಡು ಕಡೂರಿಗೆ ಹೋಗಿ, ಅದೇ ಮೆಕ್ಯಾನಿಕ್ಕನ್ನು ಕೇಳಿ ಗುರುತು ಹಾಕಿಸಿಕೊಂಡು ಬರೋಣ ಅಂದುಕೊಂಡೆ. ಆ ಬಿಡುವೇ ಸಿಗಲಿಲ್ಲ. ಹಬ್ಬ ಕಳೆದ ಕೆಲವೇ ದಿನಕ್ಕೆ ಅಂತರಘಟ್ಟೆ ಕಡೆಯ ಒಂದು ಊರಿನಿಂದ ಸುದ್ದಿ ಬಂತು, ಪಕ್ಕದ ಹಳ್ಳಿಯಲ್ಲಿ ದೊಡ್ಡರೋಗ ಕಾಣಿಸಿಕೊಂಡಿದೆ ಅಂತ.

ಈಗಿನವರಿಗೆ ದೊಡ್ಡರೋಗ ಅಂದರೆ ಏನು ಅಂತಲೇ ಗೊತ್ತಿಲ್ಲ, ಗೊತ್ತಾಗದಿರುವುದೇ ಒಳ್ಳೆಯದು. ದನಗಳಿಗೆ ಜ್ವರ ಬಂದು, ಬಾಯಿ ಹುಣ್ಣಾಗಿ, ಭೇದಿಯಾಗಿ, ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿಯಾಗುತ್ತಿತ್ತು. ಒಂದು ಊರಿಗೆ ಬಂದರೆ ಪಕ್ಕದೂರಿಗೆ ಬರುವುದಕ್ಕೆ ಹೊತ್ತು ಬೇಕಿರಲಿಲ್ಲ. ಅದಕ್ಕೆ ಮೊದಲೇ ಲಸಿಕೆ ಹಾಕಿಬಿಡಬೇಕು, ಲಸಿಕೆಗೆ ಐಸು ಬೇಕು. ಐಸು ಕರಗಿ ಬಿಸಿಯಾಯಿತೋ, ಆ ಔಷಧ ಬರೀ ನೀರು. ಮತ್ತೆ ಹೊಸದು ಬರುವವರೆಗೂ ಕಾಯಬೇಕು, ರೋಗ ಕಾಯುವುದಿಲ್ಲ.

ಲಸಿಕೆ ರೈಲಿನಲ್ಲಿ ಕಡೂರಿಗೆ ಬಂತು. ಸ್ಟೇಷನ್ನಿನಲ್ಲಿ ಇಳಿಸಿಕೊಂಡು, ಐಸ್‌ಕ್ಯಾಂಡಿ ಮಾಡುವವರ ಹತ್ತಿರ ಹೊಸ ಐಸು ತುಂಬಿಸಿಕೊಂಡು ಬೀರೂರಿನ ಮೇಲೆ ಅಜ್ಜಂಪುರದ ದಾರಿ ಹಿಡಿದೆವು. ಹಿಂದಿನ ದಿನ ಮಳೆ ಬಿದ್ದಿತ್ತು, ಅವತ್ತು ಮಾತ್ರ ಚುರುಚುರು ಬಿಸಿಲು. ಡಾಕ್ಟರು ಓಡಿಸುತ್ತೇನೆ ಅನ್ನಲಿಲ್ಲ. ಲಸಿಕೆಯ ಡಬ್ಬವನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಮಗುವಿನ ಹಾಗೆ ತೊಡೆಮೇಲೆ ಇಟ್ಟುಕೊಂಡು ಕೂತರು. ನಾನು ಮನಸ್ಸಿನಲ್ಲೇ, ಇವತ್ತೊಂದು ದಿನ ಆ ಗಾಲಿ ಬಿಟ್ಟು ಬೇರೆ ಯಾವುದಾದರೂ ಹೋಗಲಪ್ಪಾ ಅಂತ ಬೇಡಿಕೊಳ್ಳುತ್ತಿದ್ದೆ.

ಅಜ್ಜಂಪುರಕ್ಕೆ ಇನ್ನೂ ದೂರವಿರುವಾಗಲೇ ಹೋಯಿತು. ಅದೇ ಗಾಲಿ.

ಇಳಿದು ನೋಡಿದೆ. ಆಯುಧಪೂಜೆಯ ವಿಭೂತಿಯೆಲ್ಲ ಮಳೆಯಲ್ಲಿ ತೊಳೆದು, ಅದರ ಮೇಲೆ ಎರೆಮಣ್ಣಿನ ಕೆಸರು ಮೆತ್ತಿಕೊಂಡು, ಐದು ನಟ್ಟೂ ಒಂದೇ ಬಣ್ಣವಾಗಿದ್ದವು. ಸುತ್ತ ಈರುಳ್ಳಿ ಹೊಲ. ಇದ್ದುದರಲ್ಲೇ ಗಟ್ಟಿ ನೆಲ ಹುಡುಕಿ ನಿಲ್ಲಿಸಿ, ಕಲ್ಲು ಕೊಟ್ಟೆ. ಡಾಕ್ಟರು ಡಬ್ಬ ಎತ್ತಿಕೊಂಡು ಹೊಂಗೆಮರದ ನೆರಳಿಗೆ ಹೋದರು. ಮುಚ್ಚಳ ತೆಗೆದರೆ ಒಳಗೆ ಬಿಸಿ ನುಗ್ಗುತ್ತದೆ ಅಂತ ಗೊತ್ತಿದ್ದರೂ ಎರಡು ಸಲ ತೆಗೆದು ನೋಡಿ, ಮತ್ತೆ ಮುಚ್ಚಿದರು.

ನಾನು ನಟ್ಟಿನ ಮುಂದೆ ಕೂತೆ. ಯಾವುದು ಮಾಮೂಲಿ, ಯಾವುದು ಉಲ್ಟಾ? ಮುರಿದದ್ದು ಮೇಲಿನದೋ ಕೆಳಗಿನದೋ? ಅಂದಿನಿಂದ ಗಾಲಿ ಎಷ್ಟು ಸಾವಿರ ಸಲ ಉರುಳಿದೆ, ಮೇಲು ಯಾವುದು ಕೆಳಗು ಯಾವುದು? ತಲೆ ಗಿರ್ರ್ ಅಂತು. ಅಷ್ಟರಲ್ಲಿ ಹೊಲದಲ್ಲಿದ್ದ ಮೂರು ನಾಲ್ಕು ಜನ ಬಂದು ನಿಂತರು. ನಮ್ಮ ಕಡೆ ಗಾಡಿ ಕೆಟ್ಟರೆ ಬುದ್ಧಿ ಹೇಳುವವರಿಗೆ ಬರವಿಲ್ಲ.

‘ಬಲಕ್ಕೆ ತಿರುಗ್ಸು’ ಅಂದ ಒಬ್ಬ.

‘ಲೇ, ಎಡಕ್ಕೆ ಕಣೋ, ಪಂಪ್‌ಸೆಟ್ ನಟ್ಟು ನೋಡಿಲ್ವಾ ನೀನು?’ ಅಂದ ಇನ್ನೊಬ್ಬ.

‘ಎಣ್ಣೆ ಹಾಕ್ರೀ ಮೊದ್ಲು.’

‘ತುಳೀಬೇಕು ಕಣ್ರೀ, ಮೇಲೆ ಹತ್ತಿ ತುಳೀಬೇಕು.’

ಬಲ ಅಂದವನ ಕಡೆ ತಿರುಗಿ ನೋಡಿದೆ, ಎಡ ಅಂದವನ ಕಡೆ ನೋಡಿದೆ. ನನಗೆ ಎರಡೂ ಒಂದೇ ಆಗಿ ಕೇಳಿತು. ಕಣ್ಣುಮುಚ್ಚಿ ಒಂದು ನಟ್ಟಿಗೆ ಪಾನ ಹಾಕಿ, ಬಲಗೈಯಲ್ಲಿ ಜಗ್ಗಿದೆ. ಕಿರ್ರ್ ಅಂತ ಬೋಲ್ಟು ಕೂಗಿತು. ಆ ಕೂಗು ನನಗೆ ಗೊತ್ತಿತ್ತು, ಮುರಿಯುವ ಮುಂಚಿನ ಕೂಗು. ಗಾಬರಿಯಾಗಿ ಕೈ ಸಡಿಲ ಬಿಟ್ಟೆ, ಪಾನ ಜಾರಿ ನನ್ನ ಬಲಗೈಯ ಗೆಣ್ಣುಗಳೆಲ್ಲ ಗಾಲಿಯ ರಿಮ್ಮಿಗೆ ಬಡಿದವು. ಚರ್ಮ ಕಿತ್ತು ರಕ್ತ ಸುರಿಯಿತು. ಬೆರಳು ಮಡಿಸಲು ಬರಲಿಲ್ಲ.

ಮರುಳಪ್ಪನವರು ಓಡಿಬಂದು ಹತ್ತಿ ಇಟ್ಟು ಬ್ಯಾಂಡೇಜು ಸುತ್ತಿದರು. ದನಕ್ಕೆ ಸುತ್ತುವ ಬ್ಯಾಂಡೇಜು, ಮೊಣಕೈವರೆಗೂ ಬಂತು. ನನಗೆ ನೋವಿಗಿಂತ ಹೆಚ್ಚಾಗಿ ಅಳು ಬಂತು. ಸೀಟು ಹೋಯಿತು, ಆ ಊರಿನ ದನಗಳೂ ಹೋದವು, ಎಲ್ಲ ನನ್ನ ಈ ಹಾಳು ತಲೆಯಿಂದ. ಡಾಕ್ಟರು ಮರದ ಕೆಳಗಿನಿಂದ, ‘ಇನ್ನು ಅರ್ಧದಷ್ಟೂ ಐಸಿಲ್ಲ ರುದ್ರಪ್ಪ’ ಅಂದರು. ಬೈಯುವ ದನಿಯಲ್ಲ, ಕೇಳಿಕೊಳ್ಳುವ ದನಿ.

ಪಾನ ನೆಲದ ಮೇಲೆ ಬಿದ್ದಿತ್ತು. ಎಡಗೈಯಲ್ಲಿ ಎತ್ತಿಕೊಂಡೆ. ಇನ್ನೊಂದು ಕೈ ಇರಲಿಲ್ಲವಲ್ಲ.

‘ಎಡಗೈಲಿ ಬ್ಯಾಡ ಕಣೋ ರುದ್ರಾ, ಪೂಜೆ ಮಾಡಿರೋ ಗಾಡಿ’ ಅಂದರು ಮರುಳಪ್ಪ.

‘ಯಾವ ಕೈಯಾದ್ರೂ ಸರಿ, ಬಿಚ್ಚಿ’ ಅಂದರು ಡಾಕ್ಟರು.

ಆಮೇಲೆ ಏನಾಯಿತು ಅಂತ ನನಗೆ ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಆ ಕೈಗೆ ನಾನು ಏನನ್ನೂ ಕಲಿಸಿರಲಿಲ್ಲ, ಆರತಿ, ಸಾಹೇಬರ ಕಡೆ, ಡ್ರೈವರ್ ಕಡೆ, ಯಾವುದೂ ಅದಕ್ಕೆ ಗೊತ್ತಿರಲಿಲ್ಲ. ಅದು ಪಾನವನ್ನು ನಟ್ಟಿಗೆ ಹಾಕಿ, ಮೆಲ್ಲಗೆ ಈ ಕಡೆ ಒಂದು ಚೂರು, ಆ ಕಡೆ ಒಂದು ಚೂರು ಒತ್ತಿ ನೋಡಿತು. ಒಂದು ಕಡೆ ಕಲ್ಲು ಒತ್ತಿದ ಹಾಗೆ ಗಡುಸು. ಇನ್ನೊಂದು ಕಡೆ ಒಳಗೆಲ್ಲೋ ಒಂದಿಷ್ಟು ಮೆತ್ತಗೆ. ಮೆತ್ತಗಿದ್ದ ಕಡೆಗೆ ಒತ್ತಿದೆ, ನಟ್ಟು ಬಂತು. ಬಲಗೈಯಲ್ಲಿ ಮಾಡುವಾಗ ನಾನು ಮೊದಲೇ ತೀರ್ಮಾನ ಮಾಡಿಕೊಂಡು ಜಗ್ಗುತ್ತಿದ್ದೆ. ಎಡಗೈ ಕೇಳಿಕೊಂಡು ಜಗ್ಗಿತು. ಎರಡನೆಯದು ಬಂತು. ಮೂರನೆಯದು ಅದರ ತಿರುಗಾ ಬಂತು. ಸುತ್ತ ನಿಂತವರು ಬಗ್ಗಿ ನೋಡತೊಡಗಿದರು. ಐದೂ ಸಡಿಲವಾದವು, ಒಂದು ಬೋಲ್ಟೂ ಮುರಿಯಲಿಲ್ಲ.

ಜಾಕಿ ಎರೆಮಣ್ಣಿನಲ್ಲಿ ಹೂತುಕೊಳ್ಳಲು ಶುರುವಾಯಿತು. ಮರುಳಪ್ಪನವರು ತಮ್ಮ ಔಷಧದ ಪೆಟ್ಟಿಗೆಯ ಹಲಗೆ ಮುಚ್ಚಳ ತಂದುಕೊಟ್ಟರು, ಅದನ್ನು ಜಾಕಿಯ ಅಡಿಗೆ ಕೊಟ್ಟೆ. ಹೊಲದವರು ಗಾಲಿ ಎತ್ತಿ ಹಿಡಿದರು. ಹಾಕುವಾಗಲೂ ಒಂದರ ಎದುರಿಗೆ ಒಂದು ನಟ್ಟನ್ನು ಅಡ್ಡಡ್ಡಲಾಗಿ ಬಿಗಿ ಮಾಡಿಕೊಂಡು ಬಂದೆ, ಗಾಡಿ ಇಳಿಸಿ ಮತ್ತೆ ಬಿಗಿ ಮಾಡಿದೆ. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಇನ್ನೊಂದು ಸಲ ನೋಡುವುದು ಗಂಗಣ್ಣ ಕಲಿಸಿದ ಪದ್ಧತಿ. ಐಸು ಕರಗುತ್ತಿದೆ ಅಂತ ಅದನ್ನು ಬಿಡಬೇಕು ಅನ್ನಿಸಿತು. ಆದರೂ ನಿಲ್ಲಿಸಿದೆ. ಡಾಕ್ಟರೇ ಮೊದಲು ಇಳಿದು, ಒಂದೊಂದು ನಟ್ಟನ್ನೂ ಮುಟ್ಟಿ ನೋಡಿದರು.

ಊರಿಗೆ ಹೋದಾಗ ಕೆರೆ ಏರಿಯ ಕೆಳಗೆ ಅಷ್ಟೂ ದನಗಳನ್ನು ಹಿಡಿದುಕೊಂಡು ಜನ ನಿಂತಿದ್ದರು. ಮುಂದೆ ಹೊನ್ನಮ್ಮ ಅನ್ನುವ ಒಬ್ಬ ಹೆಂಗಸು ಒಂದು ಕೆಂಪು ಹಸುವಿನ ಮೂಗುದಾರ ಹಿಡಿದು, ‘ಬೆಳಗಿಂದ ನೀರೂ ಕುಡಿಸ್ದೆ ಕಾಯ್ತಿದೀವಿ ಕಣ್ರಪ್ಪಾ, ಇದ್ಯಾಕಿಷ್ಟು ಹೊತ್ತು?’ ಅಂದಳು. ಡಾಕ್ಟರು ಗೋಣಿಚೀಲ ಬಿಚ್ಚಿ ಮುಚ್ಚಳ ತೆಗೆದರು. ಡಬ್ಬದೊಳಗೆ ಕೈಹಾಕಿದರು. ಸ್ವಲ್ಪ ಹೊತ್ತು ತಡಕಾಡಿ, ನಿಂಬೆಹಣ್ಣಿನ ಗಾತ್ರದ ಒಂದು ಐಸಿನ ತುಂಡನ್ನು ಹೊರಗೆ ತೆಗೆದು ನನಗೆ ತೋರಿಸಿದರು. ‘ಇದೆ ರುದ್ರಪ್ಪ, ಇನ್ನೂ ಇದೆ’ ಅಂದರು. ಹೊನ್ನಮ್ಮನ ಹಸುವಿಗೇ ಮೊದಲ ಸೂಜಿ. ಆ ವರ್ಷ ಆ ಊರಿಗೆ ದೊಡ್ಡರೋಗ ಬರಲಿಲ್ಲ.

ವಾಪಸ್ ಬರುವಾಗ ಓಡಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ, ಡಾಕ್ಟರೇ ಓಡಿಸಿದರು. ‘ರುದ್ರಪ್ಪ, ಇನ್ಮೇಲೆ ಗಾಲಿ ಬಿಚ್ಚೋದು ಯಾವ ಕೈಲಿ?’ ಅಂತ ಕೇಳಿದರು.

‘ಅದೇ ಗೊತ್ತಾಗ್ತಿಲ್ಲ ಸಾರ್’ ಅಂದೆ.

ಅವರು ಜೋರಾಗಿ ನಕ್ಕು, ‘ಬೋಲ್ಟ್ ಮುರೀಲಿಲ್ಲ ತಾನೇ? ಕೈ ವಾಸಿ ಆಗೋವರೆಗೂ ರಜೆ ತಗೊಳ್ಳಿ, ಆಮೇಲೆ ಬಂದು ನಿಮ್ಮ ಸೀಟಲ್ಲಿ ನೀವು ಕೂತ್ಕೊಳ್ಳಿ’ ಅಂದರು.

ಎಂಬತ್ತರ ದಶಕದಲ್ಲಿ ನಮಗೆ ಹೊಸ ಡೀಸೆಲ್ ಜೀಪು ಬಂತು, ಅದರ ನಟ್ಟೆಲ್ಲ ಒಂದೇ ಕಡೆ ತಿರುಗುತ್ತಿದ್ದವು. ಎಲ್ಲರೂ ಇನ್ನು ಸಲೀಸು ಅಂದರು. ನನಗೆ ಇನ್ನಷ್ಟು ಗಲಿಬಿಲಿಯಾಯಿತು. ಸಾಹೇಬರ ಕಡೆ ಹೋದಾಗಲೆಲ್ಲ ಇದು ಉಲ್ಟಾ ಇರಬೇಕಲ್ಲ ಅಂತ ಬಲಗೈ ಅನುಮಾನಪಡುತ್ತಿತ್ತು. ಕೊನೆಗೆ ರಿಟೈರಾಗುವವರೆಗೂ ಎಡಗೈಯಲ್ಲೇ ಬಿಚ್ಚಿದೆ. ಹುಡುಗರಿಗೆ ನಾನು ಹೇಳುವುದೂ ಇಷ್ಟೇ, ನಟ್ಟು ಬರಲಿಲ್ಲ ಅಂದರೆ ಹತ್ತಿ ತುಳಿಯುವುದಕ್ಕೆ ಮೊದಲು ಅದನ್ನು ಒಂದು ಸಲ ಮೆಲ್ಲಗೆ ಕೇಳಿ ನೋಡಿ.

ಆದರೆ ಆ ರಜೆಯ ಮಾತು ಹೇಳದೆ ಬಿಟ್ಟರೆ ಇದೆಲ್ಲ ಅರ್ಧವಾಗುತ್ತದೆ. ಮಾರನೆಯ ದಿನ ಕಡೂರಿನಲ್ಲಿ ಬಸ್ಸು ಹತ್ತಿ ಊರಿಗೆ ಹೋದೆ. ಅವ್ವ ನನ್ನ ಬ್ಯಾಂಡೇಜು ನೋಡಿ ಬಾಯಿಬಡಿದುಕೊಂಡಳು. ಕೂರಿಸಿ, ಏನಾಯಿತು ಅಂತ ಕೇಳಿದಳು. ನಡೆದದ್ದನ್ನೆಲ್ಲ ಹೇಳಿದೆ. ಎಡಗೈಯಲ್ಲಿ ಪಾನ ಹಿಡಿದದ್ದು, ನಟ್ಟು ಬಂದದ್ದು, ಹೊನ್ನಮ್ಮನ ಹಸು, ಎಲ್ಲ. ಅವ್ವ ಕೊನೆಯವರೆಗೂ ಕೇಳಿದಳು. ಎದ್ದು ಹೋಗಿ ತಟ್ಟೆಯಲ್ಲಿ ಮುದ್ದೆ ಇಟ್ಟು, ಸಾರು ಬಿಟ್ಟು ತಂದಳು. ತಟ್ಟೆಯನ್ನು ನನ್ನ ಮುಂದೆ ಇಟ್ಟು, ನೀರಿನ ಚೊಂಬನ್ನು ಎಂದಿನ ಕಡೆ ಇಡದೆ ಇನ್ನೊಂದು ಕಡೆಗೆ ಇಟ್ಟಳು.

‘ಆ ಕೈಲೇ ಉಣ್ಣಪ್ಪಾ’ ಅಂದಳು.

ನಾನು ಅವಳ ಮುಖ ನೋಡಿದೆ. ‘ಬೇಡ ಕಣವ್ವ’ ಅಂದೆ.

‘ಉಣ್ಣೋ. ಯಾರೂ ನೋಡಲ್ಲ.’

ಎಡಗೈಯನ್ನು ತಟ್ಟೆಗೆ ಹಾಕಿದೆ. ಮುದ್ದೆ ಮುರಿಯಲು ಹೋದರೆ ಬೆರಳು ಬೇರೆ ಬೇರೆ ದಿಕ್ಕಿಗೆ ಹೋದವು. ಹೇಗೋ ಒಂದು ತುತ್ತು ಮಾಡಿ ಸಾರಿನಲ್ಲಿ ಅದ್ದಿ ಎತ್ತಿದೆ, ಬಾಯಿಯ ಹತ್ತಿರ ಬಂದದ್ದು ಜಾರಿ ಎದೆಯ ಮೇಲೆ ಬಿತ್ತು. ಇನ್ನೊಂದು ಸಲ ಮಾಡಿದೆ, ಅದೂ ಬಿತ್ತು. ಹತ್ತು ನಟ್ಟು ಬೇಕಾದರೂ ಬಿಚ್ಚುವ ಆ ಕೈಗೆ ಒಂದು ತುತ್ತನ್ನು ಬಾಯಿಗೆ ತರಲು ಬರಲಿಲ್ಲ. ನಾನು ನಕ್ಕೆ. ಅವ್ವನೂ ನಗುತ್ತಾಳೆ ಅಂತ ನೋಡಿದರೆ, ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು.

‘ನಾನೇ ಕಟ್ಟಾಕ್ದೆ ಅಲ್ವೇನೋ ಮಗಾ ಇದನ್ನ’ ಅಂದಳು. ನನ್ನ ಎಡಗೈಯನ್ನು ತನ್ನ ಎರಡು ಕೈಯಲ್ಲೂ ಹಿಡಿದುಕೊಂಡು, ಅದಕ್ಕೆ ಮೆತ್ತಿದ್ದ ಸಾರನ್ನು ಸೆರಗಿನಿಂದ ಒರೆಸಿದಳು. ಬಹಳ ಹೊತ್ತು ಒರೆಸಿದಳು.

ಆಮೇಲೆ ತಟ್ಟೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡು, ತುತ್ತು ಮಾಡಿ ನನ್ನ ಬಾಯಿಗೆ ಇಟ್ಟಳು. ಯಾವ ಕೈಯಲ್ಲಿ ಇಟ್ಟಳು ಅಂತ ನಾನು ನೋಡಲಿಲ್ಲ.